ಸುತ್ತು ಮೆಟ್ಟಿಲಿನ ರೇಲಿಂಗಿಗೆ ರೆವಿಟ್‌ನ ಸ್ವೀಪ್ ಸಾಕಾಗುತ್ತದೆಯೇ? ಬೆಳಗಾವಿಯ ಡ್ರಾಯಿಂಗ್ ಟೇಬಲ್ಲಿನಿಂದ ಒಂದು ವಿಮರ್ಶೆ

ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಆದ ರೆವಿಟ್‌ನಲ್ಲಿ ಗೋಡೆ, ಸ್ಲ್ಯಾಬ್, ಕಂಬ, ಕಿಟಕಿ ಕೂರಿಸುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ. ತಿರುಗುತ್ತಾ ಮೇಲೇರುವ ಒಂದು ರೇಲಿಂಗನ್ನು, ಪರದೆಯ ಮೇಲೆ ಚೆಂದ ಕಾಣುವುದಕ್ಕಷ್ಟೇ ಅಲ್ಲ, ವರ್ಕ್‌ಶಾಪಿನಲ್ಲಿ ಪೈಪ್ ಬಗ್ಗಿಸುವವನ ಕೈಗೆ ಧೈರ್ಯವಾಗಿ ಕೊಡುವಷ್ಟು ಖಚಿತವಾಗಿ ಮಾಡುವುದು ಬೇರೆಯೇ ಕೆಲಸ. ನಾನು ತಿಲಕವಾಡಿಯಲ್ಲಿ ಕೂತು ಆರ್ಕಿಟೆಕ್ಟರಿಗೂ ಫ್ಯಾಬ್ರಿಕೇಟರರಿಗೂ ನಡುವೆ ವರ್ಕಿಂಗ್ ಡ್ರಾಯಿಂಗ್ ಮಾಡಿಕೊಡುವವಳು. ನನ್ನ ಕೆಲಸದ ದೊಡ್ಡ ಪಾಲು ಮೆಟ್ಟಿಲು, ರೇಲಿಂಗ್, ಕಾರ್ನಿಸ್, ಬಾಗಿದ ಛಾವಣಿಯ ಅಂಚಿನ ಗಟಾರ. ಇವೆಲ್ಲದರ ಬುಡದಲ್ಲಿ ಇರುವುದು ಒಂದೇ ಆಜ್ಞೆ: ಸ್ವೀಪ್. ಒಂದು ದಾರಿ ಕೊಡಿ, ಒಂದು ಅಡ್ಡಕೊಯ್ತದ ಆಕಾರ ಕೊಡಿ, ಆ ಆಕಾರವನ್ನು ದಾರಿಯುದ್ದಕ್ಕೂ ಎಳೆದು ಘನವಸ್ತು ಮಾಡುತ್ತದೆ. ಈ ವಿಮರ್ಶೆ ಆ ಒಂದು ಆಜ್ಞೆಯ ಬಗ್ಗೆ, ಅದೂ ದಾರಿ ಸಪಾಟಾಗಿರದೆ ಮೂರೂ ದಿಕ್ಕಿನಲ್ಲಿ ಬಾಗಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದರ ಬಗ್ಗೆ.

ಉದಾಹರಣೆಗೆ ಹಿಂದವಾಡಿಯ ಒಂದು ಮನೆಯ ಮೆಟ್ಟಿಲನ್ನೇ ಇಟ್ಟುಕೊಳ್ಳುತ್ತೇನೆ. ಎತ್ತರ 3150 ಮಿ.ಮೀ., 150 ಮಿ.ಮೀ.ನ 21 ರೈಸರ್ (ಒಂದೊಂದು ಮೆಟ್ಟಿಲಿನ ಏರಿಕೆ), ಕೆಳಗಿನಿಂದ ಮೇಲಕ್ಕೆ ಸರಿಯಾಗಿ ಒಂದು ಸುತ್ತು. ಹೊರಗಿನ ರೇಲಿಂಗಿನ ತ್ರಿಜ್ಯ ಪ್ಲಾನಿನಲ್ಲಿ 1200, ಒಳಗಿನದು 300. ಲೆಕ್ಕವನ್ನು ಮುಂದೆ ಬಿಚ್ಚುತ್ತೇನೆ. ಮೊದಲು ಸಾಫ್ಟ್‌ವೇರ್.

ರೆವಿಟ್ ಬಂದದ್ದು 2000ರಲ್ಲಿ. ಆಟೋಡೆಸ್ಕ್ ಅದನ್ನು 2002ರಲ್ಲಿ ಕೊಂಡಿತು. ಮೊದಲಿನಿಂದಲೂ ಅದರ ಮನಸ್ಸು ಕಟ್ಟಡದ ಮೇಲೆ: ಮಹಡಿ, ಗೋಡೆ, ಬಾಗಿಲು, ಷೆಡ್ಯೂಲ್ ಎಂಬ ಅಳತೆ-ಎಣಿಕೆಯ ಪಟ್ಟಿ. ಒಂದು ಕಡೆ ಬದಲಾಯಿಸಿದರೆ ಎಲ್ಲ ಕಡೆ ಬದಲಾಗುವ ಆ ಶಿಸ್ತಿಗಾಗಿಯೇ ನಾನು ಅದನ್ನು ಬಿಟ್ಟು ಹೋಗಿಲ್ಲ. ಆದರೆ ಅದರ ಕೆಲಸವೆಲ್ಲ ವರ್ಕ್ ಪ್ಲೇನ್ ಎಂಬ ಸಮತಲದ ಮೇಲೆ ನಡೆಯುತ್ತದೆ. ಸ್ವೀಪ್‌ಗೆ ಹೋಗಿ ಸ್ಕೆಚ್ ಪಾತ್ ಒತ್ತಿದರೆ ನೀವು ಬರೆಯುವ ಗೆರೆ, ಕಮಾನು, ಸ್ಪ್ಲೈನ್ (ಬಿಂದುಗಳ ಮೂಲಕ ನುಣ್ಣಗೆ ಹಾಯುವ ಬಾಗುಗೆರೆ) ಯಾವುದೇ ಇರಲಿ, ಒಂದೇ ಸಮತಲದಲ್ಲಿ ಇರುತ್ತದೆ. ಸ್ಕರ್ಟಿಂಗ್‌ಗೆ, ಪಿಒಪಿ ಕಾರ್ನಿಸ್‌ಗೆ, ಗೋಡೆಯ ತಲೆಯ ಕೋಪಿಂಗ್‌ಗೆ ಅಷ್ಟು ಸಾಕು. ಏರುವ ದಾರಿಗೆ ಅದು ಸಾಲದು.

ಇದಕ್ಕೆ ರೆವಿಟ್ ಕೊಟ್ಟಿರುವ ಬಾಗಿಲು ಪಿಕ್ ಪಾತ್. ಅದರೊಳಗಿನ ಪಿಕ್ 3ಡಿ ಎಡ್ಜಸ್ ಒತ್ತಿದರೆ ಆಗಲೇ ಇರುವ ಯಾವುದಾದರೂ ಘನವಸ್ತುವಿನ ಅಂಚನ್ನು ದಾರಿಯಾಗಿ ಆರಿಸಬಹುದು. ಒಂದು ಅಂಚು ಒಂದು ಸಮತಲದಲ್ಲಿ, ಮುಂದಿನದು ಇನ್ನೊಂದರಲ್ಲಿ ಇದ್ದರೂ ಅಡ್ಡಿಯಿಲ್ಲ, ತುದಿಗೆ ತುದಿ ಕೂಡಿದ್ದರೆ ಸಾಕು. ಆರಿಸಿದ ದಾರಿ ಆ ವಸ್ತುವಿಗೆ ಬೀಗ ಹಾಕಿಕೊಂಡು ಕೂರುತ್ತದೆ, ಹಾಗಾಗಿ ವಸ್ತು ಬದಲಾದರೆ ಸ್ವೀಪ್ ಕೂಡ ಹಿಂದೆಯೇ ಬರುತ್ತದೆ. ಇದು ನಿಜವಾಗಿಯೂ ಒಳ್ಳೆಯ ಏರ್ಪಾಡು. ಮೂರು ಆಯಾಮದ ಗೆರೆಯನ್ನು ನೀವು ಎಳೆಯುವುದಿಲ್ಲ, ಆ ಗೆರೆ ತಾನಾಗಿ ಹುಟ್ಟುವಂಥ ವಸ್ತುವನ್ನು ಮೊದಲು ಕಟ್ಟುತ್ತೀರಿ. ಈ ಮಾತು ತಲೆಗೆ ಹೊಕ್ಕ ಮೇಲೆ ರೆವಿಟ್‌ನ ಜೊತೆ ಜಗಳ ಕಡಿಮೆಯಾಗುತ್ತದೆ.

ಹಾಗೆ ಗೆರೆ ಹುಟ್ಟಿಸುವುದಕ್ಕೆ ನಾನು ಹೆಚ್ಚಾಗಿ ಬಳಸುವ ಉಪಾಯ ಹೀಗಿದೆ. ಪ್ಲಾನಿನಲ್ಲಿ ಬೇಕಾದ ಬಾಗನ್ನು ಬರೆದು ಮೇಲಕ್ಕೆ ಎಕ್ಸ್‌ಟ್ರೂಡ್ ಮಾಡಿ ಎತ್ತರದ ಗೋಡೆಯಂಥ ಒಂದು ವಸ್ತು ಮಾಡಿಕೊಳ್ಳಿ. ಎಲಿವೇಷನ್ನಿನಲ್ಲಿ, ಅಂದರೆ ಎದುರಿನಿಂದ ಕಾಣುವ ನೋಟದಲ್ಲಿ, ಬೇಕಾದ ಏರಿಳಿತವನ್ನು ಬರೆದು ಆ ಆಕಾರದ ವಾಯ್ಡ್ (ಕತ್ತರಿಸುವ ಟೊಳ್ಳು ಆಕಾರ) ಒಂದನ್ನು ಅಡ್ಡಲಾಗಿ ಹಾಯಿಸಿ ಗೋಡೆಯ ತಲೆ ಕತ್ತರಿಸಿ. ಉಳಿದ ತಲೆಯ ಅಂಚು ಪ್ಲಾನಿನಲ್ಲೂ ಬಾಗಿರುತ್ತದೆ, ಎಲಿವೇಷನ್ನಿನಲ್ಲೂ ಬಾಗಿರುತ್ತದೆ. ಅದನ್ನು ಆರಿಸಿ ಸ್ವೀಪ್ ಎಳೆಯಿರಿ. ದುಂಡು ಬಾಲ್ಕನಿಯ ಕಮಾನಿನ ಮೇಲಿನ ಮೌಲ್ಡಿಂಗ್, ಬಾಗಿದ ಕಾಂಪೌಂಡಿನ ಇಳಿಜಾರು ಕೋಪಿಂಗ್, ಇಂಥವು ಹೀಗೆಯೇ ಆಗಬೇಕು. ಅಂಚು ಸರಳವಾಗಿದ್ದಷ್ಟೂ, ತುಂಡುಗಳು ಒಂದಕ್ಕೊಂದು ನುಣ್ಣಗೆ ಸೇರಿದಷ್ಟೂ ಕೆಲಸ ಸಲೀಸು. ಅಡ್ಡಕೊಯ್ತ ಅಗಲವಾಗಿದ್ದು ದಾರಿಯ ಬಾಗು ಅದಕ್ಕಿಂತ ಬಿಗಿಯಾಗಿದ್ದರೆ ವಸ್ತು ತನ್ನೊಳಗೆ ತಾನೇ ಹಾದುಹೋಗಬೇಕಾಗುತ್ತದೆ, ಅಂಥದ್ದರಿಂದ ಸರಿಯಾದ ಘನವಸ್ತು ಯಾವ ಸಾಫ್ಟ್‌ವೇರಿನಲ್ಲೂ ಬರದು.

ಆದರೆ ಈ ಉಪಾಯದಿಂದ ಸುತ್ತು ಮೆಟ್ಟಿಲಿನ ಗೆರೆ ಹುಟ್ಟುವುದಿಲ್ಲ, ಏಕೆಂದರೆ ಪೂರ್ತಿ ಒಂದು ಸುತ್ತು ಬರುವ ಗೆರೆಯನ್ನು ಒಂದೇ ಕಡೆಯಿಂದ ಹಾಯಿಸಿದ ವಾಯ್ಡ್ ಕತ್ತರಿಸಲಾರದು. ಅಲ್ಲಿ ರೆವಿಟ್‌ನ ಮೆಟ್ಟಿಲಿನ ಆಜ್ಞೆಯೇ ದೊಡ್ಡ ಆಸರೆ. ಫುಲ್ ಸ್ಟೆಪ್ ಸ್ಪೈರಲ್ ಆರಿಸಿ ಮೆಟ್ಟಿಲು ಇಟ್ಟರೆ ರೇಲಿಂಗ್ ತಾನಾಗಿ ಜೊತೆಗೆ ಬರುತ್ತದೆ. ರೇಲಿಂಗಿನ ದಾರಿ ಪ್ಲಾನಿನಲ್ಲಿ ಮಾತ್ರ ಇರುತ್ತದೆ, ಏರಿಕೆಯನ್ನು ಮೆಟ್ಟಿಲಿನಿಂದ ಪಡೆಯುತ್ತದೆ. ಟಾಪ್ ರೇಲ್‌ಗೆ ನಿಮ್ಮದೇ ಪ್ರೊಫೈಲ್ (ಅಡ್ಡಕೊಯ್ತದ ಆಕಾರ) ಹಾಕಬಹುದು, ಏರಿಕೆ ಬದಲಾಗುವ ಕಡೆ ಗೂಸ್‌ನೆಕ್ ಎಂಬ, ಕೊರಳಿನಂತೆ ಬಾಗಿದ ತಿರುವು ಕೊಡಬಹುದು, ಬಾಲಸ್ಟರುಗಳ (ರೇಲಿಂಗಿನ ನಿಲುಗಂಬಿಗಳ) ಅಂತರ ಒಂದು ಕಡೆ ಹೇಳಿದರೆ ಸಾಕು. ಮಹಡಿಯ ಎತ್ತರವನ್ನು ಆರ್ಕಿಟೆಕ್ಟರು ಕೊನೆಯ ಗಳಿಗೆಯಲ್ಲಿ 75 ಮಿ.ಮೀ. ಎತ್ತಿದರೂ ಮೆಟ್ಟಿಲು, ರೇಲಿಂಗ್ ಎರಡೂ ಹೊಂದಿಕೊಳ್ಳುತ್ತವೆ. ಈ ಒಂದು ಗುಣಕ್ಕೆ ನಾನು ರೆವಿಟ್‌ಗೆ ಕೈ ಮುಗಿಯುತ್ತೇನೆ. ಸ್ಟ್ರಿಂಗರಿನ, ಅಂದರೆ ಮೆಟ್ಟಿಲುಗಳನ್ನು ಹೊತ್ತ ಬದಿಯ ತೊಲೆಯ, ಅಂಚನ್ನೇ ಆರಿಸಿ ಮಾಡೆಲಿನೊಳಗೇ ಇನ್‌ಪ್ಲೇಸ್ ಸ್ವೀಪ್ ಎಳೆದರೆ ಮೆಟ್ಟಿಲಿನ ಬದಿಯ ಮರದ ಪಟ್ಟಿ, ಎಲ್‌ಇಡಿ ಚಾನೆಲ್ ಎಲ್ಲ ಅದರ ಮೇಲೇ ಕೂರುತ್ತವೆ.

ಮೂರನೆಯ ದಾರಿ ಕಾನ್ಸೆಪ್ಚುಯಲ್ ಮಾಸ್ ಅಥವಾ ಅಡಾಪ್ಟಿವ್ ಫ್ಯಾಮಿಲಿ, ರೆವಿಟ್‌ನಲ್ಲಿ ಮುಕ್ತ ಆಕಾರಗಳನ್ನು ಕಟ್ಟುವ ಜಾಗಗಳು. ಅಲ್ಲಿ ಬೇರೆ ಬೇರೆ ಎತ್ತರದಲ್ಲಿ ರೆಫರೆನ್ಸ್ ಪಾಯಿಂಟುಗಳನ್ನು ಇಟ್ಟು ಅವುಗಳ ಮೂಲಕ ಸ್ಪ್ಲೈನ್ ಹಾಯಿಸಬಹುದು. ಇದು ಮುಕ್ತವಾದ ಗೆರೆ, ಯಾವ ಸಮತಲದ ಹಂಗೂ ಇಲ್ಲ. ರೆವಿಟ್‌ಗೆ ಪ್ರೋಗ್ರಾಂ ಹೆಣೆಯುವ ಸಾಧನವಾದ ಡೈನಮೋ ಬಲ್ಲವರು ಬಿಂದುಗಳನ್ನು ಸೈನ್, ಕೊಸೈನ್ ಸೂತ್ರದಿಂದಲೇ ಹುಟ್ಟಿಸಬಹುದು. ಆದರೆ ಬಿಂದುಗಳ ಮೂಲಕ ಹಾಯ್ದ ಸ್ಪ್ಲೈನ್ ನಿಜವಾದ ಹೀಲಿಕ್ಸ್ (ಒಂದೇ ಸಮನೆ ಸುತ್ತುತ್ತಾ ಏರುವ ಗೆರೆ) ಅಲ್ಲ. ಹೀಲಿಕ್ಸಿಗೆ ಹತ್ತಿರದ್ದು ಅಷ್ಟೇ. ಬಿಂದುಗಳು ವಿರಳವಾಗಿದ್ದರೆ ನಡುನಡುವೆ ಬಾಗು ಹೆಚ್ಚು ಕಡಿಮೆ ಆಗುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಪೈಪ್ ಬಗ್ಗಿಸುವಾಗ ಕಾಣುತ್ತದೆ.

ಇಷ್ಟೂ ದಾರಿಯ ಮಾತಾಯಿತು. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅಸಲಿ ಪ್ರಶ್ನೆ ಇಲ್ಲಿಂದ ಶುರು: ದಾರಿಯ ಮೇಲೆ ಸಾಗುವಾಗ ಅಡ್ಡಕೊಯ್ತ ಯಾವ ಕಡೆ ಮುಖ ಮಾಡಿರುತ್ತದೆ? ಸ್ವೀಪ್ ಎಂದರೆ ದಾರಿ ಒಂದೇ ಅಲ್ಲ, ದಾರಿ ಮತ್ತು ಮುಖ ಎರಡೂ. ಸಮತಲದ ದಾರಿಯಲ್ಲಿ ಮುಖದ ಪ್ರಶ್ನೆ ಏಳುವುದೇ ಇಲ್ಲ, ಆದ್ದರಿಂದ ಯಾರಿಗೂ ಅದು ನೆನಪಿಗೆ ಬರುವುದಿಲ್ಲ. ದುಂಡು ಪೈಪ್ ಆದರೂ ಚಿಂತೆಯಿಲ್ಲ, ಎತ್ತ ತಿರುಗಿದರೂ ಪೈಪ್ ಪೈಪೇ. ಆದರೆ 50×10ರ ಪಟ್ಟಿ, ಆಯತಾಕಾರದ ತೇಗದ ಕೈಹಿಡಿ, 250 ಮಿ.ಮೀ. ಆಳದ ಸ್ಟ್ರಿಂಗರ್ ಬಂದಾಗ ಮುಖವೇ ಎಲ್ಲ.

ರೆವಿಟ್‌ನ ಸ್ವೀಪ್ ಅಡ್ಡಕೊಯ್ತವನ್ನು ದಾರಿಗೆ ಲಂಬವಾಗಿ ಹಿಡಿಯುತ್ತದೆ. ಶುರುವಿನಲ್ಲಿ ಅದರ ಕೋನ, ಆಚೀಚೆ ಸರಿಸುವ ಅಳತೆ, ಮಗುಚುವ ಗುರುತು, ಇಷ್ಟನ್ನು ನೀವು ಹೇಳಬಹುದು. ಮುಂದೆ ದಾರಿಯುದ್ದಕ್ಕೂ ಅದು ಹೇಗೆ ಹೊರಳಬೇಕು ಎನ್ನುವುದಕ್ಕೆ ಪ್ರಾಪರ್ಟೀಸ್‌ನಲ್ಲಿ ಯಾವ ಆಯ್ಕೆಯೂ ಇಲ್ಲ. ಟ್ರಾಜೆಕ್ಟರಿ ಸೆಗ್ಮೆಂಟೇಷನ್ ಎಂಬ ಗುರುತೊಂದಿದೆ, ಹೆಸರು ನೋಡಿ ಕೆಲವರು ಅದನ್ನೇ ಒತ್ತುತ್ತಾರೆ, ಆದರೆ ಅದು ಬಾಗನ್ನು ನೇರ ತುಂಡುಗಳಾಗಿ ಒಡೆಯುವುದಕ್ಕೆ, ಡಕ್ಟಿನ ಎಲ್ಬೋ ಥರದ ಕೆಲಸಕ್ಕೆ ಮಾತ್ರ. ಸ್ವೆಪ್ಟ್ ಬ್ಲೆಂಡ್ ಬಳಸಿದರೆ ಎರಡು ತುದಿಗೆ ಎರಡು ಆಕಾರ ಕೊಡಬಹುದು, ಆದರೆ ದಾರಿ ಒಂದೇ ತುಂಡಿನದಾಗಿರಬೇಕು. ಒಂದು ಸಂಗತಿ ನನಗೆ ಬೇಸರ ತರಿಸುತ್ತದೆ: ಮುಖವನ್ನು ಒಂದು ನಿಗದಿತ ದಿಕ್ಕಿಗೆ ಕಟ್ಟಿಹಾಕುವ ಸ್ವೀಪ್ ರೆವಿಟ್‌ನ ಒಳಗೆ ಇದ್ದೇ ಇದೆ, ಪ್ರೋಗ್ರಾಂ ಬರೆಯುವವರಿಗೆ ಎಪಿಐ ಎಂಬ, ಪ್ರೋಗ್ರಾಂನಿಂದ ಆಜ್ಞೆ ಕೊಡುವ ವ್ಯವಸ್ಥೆಯಲ್ಲಿ ಫಿಕ್ಸೆಡ್ ರೆಫರೆನ್ಸ್ ಎಂಬ ಹೆಸರಲ್ಲಿ ಸಿಗುತ್ತದೆ. ಐಎಫ್‌ಸಿ 4 ಎಂಬ ಕಟ್ಟಡ ಮಾಹಿತಿಯ ಮಾನಕದಲ್ಲೂ ಅಂಥ ಸ್ವೀಪ್‌ಗೆ ಜಾಗವಿದೆ. ಮೌಸ್ ಹಿಡಿದು ಕೂತ ನಮ್ಮಂಥವರಿಗೆ ಮಾತ್ರ ಅದರ ಬಟನ್ ಇಲ್ಲ.

ಲಂಬವಾಗಿ ಹಿಡಿಯುವುದರ ಪರಿಣಾಮ ಎಷ್ಟು ದೊಡ್ಡದು ಎಂದು ಹಿಂದವಾಡಿಯ ಮೆಟ್ಟಿಲಿನಲ್ಲೇ ನೋಡಿ. ಹೊರಗಿನ ಸುತ್ತಳತೆ 7540 ಮಿ.ಮೀ., ಏರಿಕೆ 3150, ಅಂದರೆ ಇಳಿಜಾರಿನ ಕೋನ 22.7 ಡಿಗ್ರಿ. ಒಳಗಿನ ಸುತ್ತಳತೆ ಬರೀ 1885, ಏರಿಕೆ ಅಷ್ಟೇ 3150, ಕೋನ 59 ಡಿಗ್ರಿ. ವಿಜಯಪುರದ ಗೋಳಗುಮ್ಮಟದ ಮೂಲೆಗಳಲ್ಲಿ ಏಳಂತಸ್ತಿನ ಅಷ್ಟಕೋನದ ಗೋಪುರಗಳಿವೆಯಲ್ಲ, ಅವುಗಳ ಒಳಗಿನ ಪಾವಟಿಗಿ ಹತ್ತಿದವರಿಗೆ ಇದು ಕಾಲಿಗೇ ಗೊತ್ತು: ತಿರುವಿನ ಒಳಬದಿ ಹಿಡಿದರೆ ಏರು ಕಡಿದು, ಹೊರಬದಿ ಹಿಡಿದರೆ ಸಲೀಸು. ಈಗ 250 ಮಿ.ಮೀ. ಆಳದ ಸ್ಟ್ರಿಂಗರ್ ಬೇಕೆಂದು 250ರ ಪ್ರೊಫೈಲ್ ಹಾಕಿ ಎರಡೂ ಕಡೆ ಸ್ವೀಪ್ ಎಳೆದರೆ ಏನಾಗುತ್ತದೆ? ಪ್ರೊಫೈಲ್ ಇಳಿಜಾರಿಗೆ ಲಂಬವಾಗಿ ನಿಲ್ಲುವುದರಿಂದ, ಟೇಪನ್ನು ನೆಟ್ಟಗೆ ಹಿಡಿದು ಅಳೆದರೆ ಹೊರಗೆ 271 ಬರುತ್ತದೆ, ಒಳಗೆ 487! ಎಲಿವೇಷನ್ನಿನಲ್ಲಿ ಒಳಗಿನ ಸ್ಟ್ರಿಂಗರ್ ಹೊರಗಿನದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ದಪ್ಪ ಕಾಣುವುದು ಇದಕ್ಕೇ. ನೆಟ್ಟಗೆ 250 ಇರಬೇಕಾದರೆ ಹೊರಗಿನ ಪ್ರೊಫೈಲಿನ ಅಳತೆ 231, ಒಳಗಿನದು 128 ಇಡಬೇಕು. ರೆವಿಟ್‌ನ ಫ್ಯಾಮಿಲಿಗಳಲ್ಲಿ (ಅಳತೆ ಬದಲಿಸಬಹುದಾದ ವಸ್ತುಗಳ ಅಚ್ಚುಗಳಲ್ಲಿ) ಕಾಸ್, ಏಟ್ಯಾನ್ ಎಲ್ಲ ಸೂತ್ರದಲ್ಲಿ ಬರೆಯಬಹುದಾದ್ದರಿಂದ ಪ್ರೊಫೈಲ್ ಫ್ಯಾಮಿಲಿಯಲ್ಲೇ ತ್ರಿಜ್ಯ, ಏರಿಕೆ ಎರಡನ್ನೂ ಪ್ಯಾರಾಮೀಟರ್ ಮಾಡಿ ಆಳವನ್ನು ಇಳಿಜಾರಿನ ಕೋನದ ಕೊಸೈನಿನಿಂದ ಗುಣಿಸಿಬಿಟ್ಟರೆ ಆಯಿತು. ಈ ಸೂತ್ರದ ಸೌಲಭ್ಯಕ್ಕೆ ಪೂರ್ಣ ಅಂಕ.

ಮಾಸ್ ಫ್ಯಾಮಿಲಿಯಲ್ಲಿ ಮುಖವನ್ನು ನಾವೇ ಆಳುವ ಒಂದು ಮಾರ್ಗವಿದೆ. ಗೆರೆಯ ಮೇಲೆ ಅಲ್ಲಲ್ಲಿ ಪಾಯಿಂಟುಗಳನ್ನು ಕೂರಿಸಿ, ಪ್ರತಿ ಪಾಯಿಂಟಿನ ರೊಟೇಷನ್ ಆಂಗಲ್ ಬೇಕಾದಂತೆ ಇಟ್ಟು, ಒಂದೊಂದರ ಮೇಲೂ ಪ್ರೊಫೈಲ್ ಬರೆದು, ಎಲ್ಲವನ್ನೂ ಒಟ್ಟಿಗೆ ಆರಿಸಿ ಕ್ರಿಯೇಟ್ ಫಾರ್ಮ್ ಒತ್ತುವುದು. ಫಲ ಚೆನ್ನಾಗಿ ಬರುತ್ತದೆ, ಆದರೆ ಶ್ರಮ ಬಹಳ. ಒಂದು ಮನೆಯ ಮೆಟ್ಟಿಲಿಗೆ ಇಷ್ಟು ಶ್ರಮಕ್ಕೆ ಯಾರೂ ಹಣ ಕೊಡುವುದಿಲ್ಲ. ದೇವಸ್ಥಾನದ ಮಹಾದ್ವಾರಕ್ಕೋ ಆಡಿಟೋರಿಯಮ್ಮಿನ ಸೀಲಿಂಗಿಗೋ ಆದರೆ ಸರಿ.

ಇನ್ನು ವರ್ಕ್‌ಶಾಪಿನ ಕಡೆ ಬರುತ್ತೇನೆ, ಏಕೆಂದರೆ ನನ್ನ ಡ್ರಾಯಿಂಗಿನ ಕೊನೆಯ ಓದುಗ ಅಲ್ಲಿದ್ದಾನೆ. ಉದ್ಯಮಬಾಗದ ಒಂದು ಶೆಡ್ಡಿನಲ್ಲಿ ಮೂರು ರೋಲಿನ ಮಷೀನಿನ ಮುಂದೆ ನಿಂತ ಫ್ಯಾಬ್ರಿಕೇಟರ್ ಅಣ್ಣ ಡ್ರಾಯಿಂಗ್ ಹಿಡಿದು ಕೇಳಿದ್ದು ಇದು:

“ಅಕ್ಕಾರ, ಪ್ಲಾನಿನ್ಯಾಗ ರೇಡಿಯಸ್ ಹನ್ನೆರಡನೂರು ಅಂತ ಐತಿ. ಪೈಪ್ ಅಷ್ಟಕ್ಕ ರೋಲ್ ಮಾಡ್ಲಿ?”

“ಬ್ಯಾಡ್ರಿ ಅಣ್ಣಾರ, ಹದಿನಾಲ್ಕನೂರಾ ಹತ್ತಕ್ಕ ಮಾಡ್ರಿ. ಕೆಳಗ ಬ್ಯಾರೆ ಬರದೀನಿ ನೋಡ್ರಿ.”

“ಒಳಗಿಂದು?”

“ಅದು ಹನ್ನೊಂದನೂರಾ ನಲವತ್ತು.”

“ಪ್ಲಾನಿನ್ಯಾಗ ಮುನ್ನೂರು ಐತಲ್ರಿ!”

ಆ ಅಚ್ಚರಿ ನ್ಯಾಯವಾದದ್ದೇ. ಏರುವ ಪೈಪು ಮೇಲಿನಿಂದ ನೋಡಿದಾಗ ಕಾಣುವಷ್ಟು ಬಿಗಿಯಾಗಿ ಬಾಗಿರುವುದಿಲ್ಲ. ಲೆಕ್ಕ ಸುಲಭ: ಒಂದು ಸುತ್ತಿನ ಏರಿಕೆಯನ್ನು 6.283ರಿಂದ ಭಾಗಿಸಿ, ಇಲ್ಲಿ 501 ಬರುತ್ತದೆ. ಅದರ ವರ್ಗಕ್ಕೆ ಪ್ಲಾನಿನ ತ್ರಿಜ್ಯದ ವರ್ಗ ಕೂಡಿಸಿ, ಬಂದದ್ದನ್ನು ಪ್ಲಾನಿನ ತ್ರಿಜ್ಯದಿಂದ ಭಾಗಿಸಿ. ಹೊರಗಿನ ಪೈಪಿಗೆ 1409, ಒಳಗಿನದಕ್ಕೆ 1138 ಮಿ.ಮೀ. ಒಳಗಿನ ಪೈಪು 300ಕ್ಕೆ ಬಗ್ಗಬೇಕೆಂದು ಹೆದರಿ ತುಂಡು ತುಂಡು ಎಲ್ಬೋ ಬೆಸುಗೆ ಹಾಕುವವರಿದ್ದಾರೆ, ಅದರ ಅಗತ್ಯವೇ ಇಲ್ಲ. ಉದ್ದ ಹೊರಗೆ 8171, ಒಳಗೆ 3671. ಆದರೆ ಬಾಗಿನ ಜೊತೆಗೆ ಹೊರಳುವಿಕೆಯೂ ಇದೆ: ಕೆಳಗಿನಿಂದ ಮೇಲಕ್ಕೆ ಹೋಗುವುದರೊಳಗೆ ಬಾಗಿನ ದಿಕ್ಕು ಪೈಪಿನ ಮೈಸುತ್ತ ಹೊರಗಿನದರಲ್ಲಿ 139 ಡಿಗ್ರಿ, ಒಳಗಿನದರಲ್ಲಿ 309 ಡಿಗ್ರಿ ತಿರುಗುತ್ತದೆ. ಮಷೀನಿನಿಂದ ಹೊರಬರುವಾಗ ಪೈಪನ್ನು ಒಂದೇ ಸಮನಾಗಿ ಎತ್ತಿ ಬಿಡುತ್ತಾ ಹೋಗುವುದು ಈ ಹೊರಳಿಗಾಗಿ. ಒಳಗಿನದು ಕಷ್ಟವಾಗುವುದು ಬಾಗಿನಿಂದಲ್ಲ, ಇದರಿಂದ. ಈ ಅಂಕಿಗಳಲ್ಲಿ ಯಾವುದನ್ನೂ ರೆವಿಟ್‌ನ ಷೆಡ್ಯೂಲ್ ಬಿಡಿಸಿ ಹೇಳುವುದಿಲ್ಲ. ರೇಲಿಂಗಿನ ಉದ್ದ ಸಿಗುತ್ತದೆ. ಬಾಗಿನ ನಿಜವಾದ ತ್ರಿಜ್ಯ, ಹೊರಳು ಸಿಗುವುದಿಲ್ಲ. ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಇಷ್ಟನ್ನು ಕೊಡಲೇಬೇಕು ಎಂದು ನನ್ನ ಅಭಿಪ್ರಾಯ. ವಸ್ತುವಿನ ಜ್ಯಾಮಿತಿ ಅದರ ಹೊಟ್ಟೆಯಲ್ಲೇ ಇದೆ.

ಪಟ್ಟಿಯ ವಿಷಯ ಇನ್ನೂ ಕುತೂಹಲದ್ದು. ನೆಟ್ಟಗೆ ನಿಂತ ಪಟ್ಟಿ, ಅಂದರೆ ಸ್ಟ್ರಿಂಗರ್, ಒಂದು ಸಿಲಿಂಡರಿನ ಮೈಗೆ ಅಂಟಿಕೊಂಡಿರುತ್ತದೆ. ಸಿಲಿಂಡರನ್ನು ಬಿಡಿಸಿ ಹಾಸಿದರೆ ಸಪಾಟು ಹಾಳೆ, ಹೀಲಿಕ್ಸ್ ಅದರ ಮೇಲೆ ನೇರ ಗೆರೆ. ಕಾಗದದ ತ್ರಿಕೋನವೊಂದನ್ನು ಪೈಪಿಗೆ ಸುತ್ತಿ ನೋಡಿದರೆ ಕಣ್ಣೆದುರೇ ಕಾಣುತ್ತದೆ. ಆದ್ದರಿಂದ ಹೊರಗಿನ ಸ್ಟ್ರಿಂಗರನ್ನು ತಗಡಿನಿಂದ 231 ಅಗಲದ ನೇರ ಪಟ್ಟಿಯಾಗಿ ಕತ್ತರಿಸಿ, 22.7 ಡಿಗ್ರಿ ಓರೆಯಾಗಿ ರೋಲಿಗೆ ಬಿಟ್ಟರೆ ತಾನಾಗಿ ಸುತ್ತುತ್ತದೆ. ತುದಿಯನ್ನೂ ಅದೇ ಕೋನಕ್ಕೆ ಓರೆ ಕತ್ತರಿಸಿದರೆ ನಿಲ್ಲಿಸಿದ ಮೇಲೆ ನೆಟ್ಟಗೆ ಕಾಣುತ್ತದೆ. ಅದೇ ಪಟ್ಟಿಯನ್ನು ಮಲಗಿಸಿ, ಅಂಗೈ ಊರುವಂತೆ ಅಗಲವಾಗಿ ಇಟ್ಟರೆ ಅದು ಹೀಲಿಕಾಯ್ಡ್ ಎಂಬ ತಿರುಚಿದ ಮೇಲ್ಮೈ ಆಗುತ್ತದೆ, ಅದನ್ನು ಎಷ್ಟು ಬಿಡಿಸಿದರೂ ಸಪಾಟು ಹಾಳೆಯಾಗದು. ಹೊರ ಅಂಚು ಉದ್ದ, ಒಳ ಅಂಚು ಗಿಡ್ಡ, ಉಕ್ಕು ಹಿಗ್ಗಲೇಬೇಕು. ದಾರಿ ಒಂದೇ, ಪಟ್ಟಿ ಒಂದೇ, ಮುಖ ಮಾತ್ರ ಬೇರೆ. ಒಂದು ತಗಡು ಕತ್ತರಿಸುವ ಮಷೀನಿನ ಕೆಲಸ, ಇನ್ನೊಂದು ಕಾಯಿಸಿ ತಿರುಚುವ ಕೈಯ ಕೆಲಸ, ದರವೂ ಬೇರೆ. ಸ್ವೀಪ್‌ನಲ್ಲಿ ಮುಖದ ಆಯ್ಕೆ ಇರಲೇಬೇಕೆಂದು ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಆ ಆಯ್ಕೆ ನನಗೆ ಸಿಕ್ಕಿದ್ದು ಫ್ರೀಕ್ಯಾಡ್‌ನಲ್ಲಿ. ಬಿಡಿಗಾಸು ಕೊಡಬೇಕಿಲ್ಲದ, ಮೂಲ ಸಂಕೇತವೂ ತೆರೆದಿರುವ ಸಾಫ್ಟ್‌ವೇರ್. 2002ರಿಂದ ಬೆಳೆದು ಬಂದದ್ದರ 1.0 ಆವೃತ್ತಿ 2024ರ ನವೆಂಬರಿನಲ್ಲಿ ಹೊರಬಂತು, ಅದರಲ್ಲಿ ಬಿಮ್ ವರ್ಕ್‌ಬೆಂಚ್ (ಕಟ್ಟಡದ ಮಾಡೆಲ್ ಮಾಡುವ ಸಾಧನಗಳ ಕಟ್ಟು) ಕೂಡ ಒಳಗೇ ಇದೆ. ಹೀಲಿಕ್ಸ್ ಬೇಕೆಂದರೆ ಪಿಚ್ (ಒಂದು ಸುತ್ತಿನ ಏರಿಕೆ), ಎತ್ತರ, ತ್ರಿಜ್ಯ ಕೊಟ್ಟರೆ ನಿಜವಾದ ಹೀಲಿಕ್ಸ್ ಬರುತ್ತದೆ. ಪಾರ್ಟ್ ಡಿಸೈನ್‌ನ ಅಡಿಟಿವ್ ಪೈಪ್ ತೆರೆದರೆ ಮುಖಕ್ಕೆಂದೇ ಐದು ಬಗೆಯ ಆಯ್ಕೆ: ಸ್ಟ್ಯಾಂಡರ್ಡ್, ಫಿಕ್ಸೆಡ್, ಫ್ರೆನೆ, ಆಕ್ಸಿಲರಿ, ಬೈನಾರ್ಮಲ್. ಫ್ರೆನೆ ಎಂಬ ಫ್ರೆಂಚ್ ಗಣಿತಜ್ಞ 1847ರ ತನ್ನ ಪ್ರಬಂಧದಲ್ಲಿ ಬಾಗುಗೆರೆಯ ಪ್ರತಿ ಬಿಂದುವಿನಲ್ಲೂ ಮೂರು ದಿಕ್ಕುಗಳ ಚೌಕಟ್ಟನ್ನು ಕಟ್ಟಿದ: ಗೆರೆ ಹೋಗುವ ದಿಕ್ಕು, ಬಾಗುವ ದಿಕ್ಕು, ಎರಡಕ್ಕೂ ಲಂಬವಾದದ್ದು. ಪೂರ್ತಿ ಹೀಲಿಕ್ಸ್‌ಗೆ ಅದು ಹೇಳಿ ಮಾಡಿಸಿದಂತಿದೆ, ಬಾಗುವ ದಿಕ್ಕು ಯಾವಾಗಲೂ ನಡುಗಂಬದ ಕಡೆಗೇ ಇರುತ್ತದೆ. ಆದರೆ ಮೆಟ್ಟಿಲು ಮುಗಿದು ರೇಲಿಂಗ್ ನೇರವಾಗಿ ಲ್ಯಾಂಡಿಂಗಿಗೆ ಹೋದರೆ ಅಲ್ಲಿ ಬಾಗೇ ಇಲ್ಲ, ಬಾಗುವ ದಿಕ್ಕು ಎಂಬುದೂ ಇಲ್ಲ, ಚೌಕಟ್ಟಿಗೆ ಆಧಾರ ತಪ್ಪುತ್ತದೆ. ಎಡಕ್ಕೆ ಬಾಗಿದ್ದು ಬಲಕ್ಕೆ ಹೊರಳುವ ಎಸ್ ತಿರುವಿನಲ್ಲಿ ಮುಖ ತಟಕ್ಕನೆ ಮಗುಚಿಬಿಡುತ್ತದೆ. ಅಂಥ ಕಡೆ ನಾನು ಬೈನಾರ್ಮಲ್ ಆರಿಸಿ ದಿಕ್ಕನ್ನು ನೆಟ್ಟಗೆ ಮೇಲಕ್ಕೆ, ಅಂದರೆ ಸೊನ್ನೆ, ಸೊನ್ನೆ, ಒಂದು ಎಂದು ಕೊಡುತ್ತೇನೆ. ಪಟ್ಟಿಯ ಬದಿ ಮೊದಲಿನಿಂದ ಕೊನೆಯವರೆಗೂ ನೆಟ್ಟಗಿರುತ್ತದೆ, ಲ್ಯಾಂಡಿಂಗಿಗೆ ಹೊರಳುವಾಗಲೂ ಅಲುಗುವುದಿಲ್ಲ. ಮುಖವನ್ನು ಇನ್ನೊಂದು ಗೆರೆಯೇ ನಡೆಸಬೇಕು ಎಂದಾದರೆ ಆಕ್ಸಿಲರಿ.

ಹಾಗಂತ ಪೂರ್ತಿ ಮನೆಯನ್ನು ನಾನು ಫ್ರೀಕ್ಯಾಡ್‌ನಲ್ಲಿ ಮಾಡುವುದಿಲ್ಲ. ಷೀಟುಗಳ ಕಟ್ಟು, ಬಾಗಿಲು ಕಿಟಕಿಗಳ ಷೆಡ್ಯೂಲ್, ಹತ್ತು ಜನ ಒಂದೇ ಮಾಡೆಲಿನಲ್ಲಿ ದುಡಿಯುವ ವ್ಯವಸ್ಥೆ, ಇವುಗಳಲ್ಲಿ ರೆವಿಟ್ ಬಹಳ ಮುಂದಿದೆ. ಮನೆ ರೆವಿಟ್‌ನಲ್ಲಿ, ರೇಲಿಂಗಿನ ವರ್ಕ್‌ಶಾಪ್ ಡ್ರಾಯಿಂಗ್ ಫ್ರೀಕ್ಯಾಡ್‌ನಲ್ಲಿ, ನಡುವೆ ಐಎಫ್‌ಸಿ: ನನ್ನ ಟೇಬಲ್ಲಿನ ಈಗಿನ ಪದ್ಧತಿ ಇದು. ಎರಡು ಕಡೆ ಕೈಯಾಡಿಸುವ ತೊಂದರೆ ಇದೆ, ಎತ್ತರ ಬದಲಾದರೆ ಎರಡನ್ನೂ ತಿದ್ದಬೇಕು, ಆದರೂ ಶೆಡ್ಡಿಗೆ ಹೋಗುವ ಕಾಗದದ ಮೇಲೆ ಪೂರ್ತಿ ಭರವಸೆ ಇರುತ್ತದೆ.

ಉಳಿದ ಸಾಫ್ಟ್‌ವೇರ್‌ಗಳ ಬಗ್ಗೆ ಚಿಕ್ಕದಾಗಿ ಹೇಳುವೆ. ಆಟೋಕ್ಯಾಡ್‌ನಲ್ಲಿ 2007ರ ಆವೃತ್ತಿಯಿಂದಲೂ ಹೀಲಿಕ್ಸ್, ಸ್ವೀಪ್ ಎರಡೂ ಇವೆ, ಸ್ವೀಪ್‌ನ ಟ್ವಿಸ್ಟ್ ಒಳಗೆ ಬ್ಯಾಂಕ್ ಎಂಬ ಆಯ್ಕೆಯೂ ಇದೆ, ಮೂರು ಆಯಾಮದ ದಾರಿಯಲ್ಲಿ ಅಡ್ಡಕೊಯ್ತ ಸಹಜವಾಗಿ ವಾಲಲು ಬಿಡುವುದಕ್ಕೆ. ಊರಿನ ಎಷ್ಟೋ ಆಫೀಸುಗಳಲ್ಲಿ ಆಟೋಕ್ಯಾಡ್ ಇದ್ದೇ ಇರುತ್ತದೆ, ಆದರೆ ಅದನ್ನು ಪ್ಲಾನ್ ಎಳೆಯುವುದಕ್ಕೆ ಮಾತ್ರ ತೆರೆಯುತ್ತಾರೆ. ಒಮ್ಮೆ ಇದನ್ನೂ ಮುಟ್ಟಿ ನೋಡಿ. ಸ್ಕೆಚಪ್‌ನ ಫಾಲೋ ಮೀ ಕಲಿಯಲು ಎಲ್ಲಕ್ಕಿಂತ ಸುಲಭ, ಮನೆಯ ಯಜಮಾನರಿಗೆ ತೋರಿಸಲು ಚೆಂದ, ಆದರೆ ಅದರಲ್ಲಿ ದುಂಡು ಎನ್ನುವುದು ನೇರ ಗೆರೆಗಳ ಸರಪಳಿ. ಸುಮ್ಮನೆ ವೃತ್ತ ಎಳೆದರೆ 24 ಬದಿ. 1200 ತ್ರಿಜ್ಯಕ್ಕೆ ಸುತ್ತಳತೆಯಲ್ಲೇ 21.5 ಮಿ.ಮೀ. ಕಡಿಮೆ ಬರುತ್ತದೆ, ಬದಿಗಳನ್ನು ಹೆಚ್ಚಿಸದೆ ಆ ಅಳತೆಯನ್ನು ಫ್ಯಾಬ್ರಿಕೇಟರಿಗೆ ಕೊಡಬೇಡಿ. ರೈನೋದಲ್ಲಿ ಸ್ವೀಪ್‌ಗೆ ರೋಡ್‌ಲೈಕ್ ಎಂಬ ಬಗೆ ಇದೆ, ಮುಖವನ್ನು ಒಂದು ದಿಕ್ಕಿಗೆ ಕಟ್ಟಿಹಾಕುತ್ತದೆ. ಬಾಗುಗೆರೆಯ ಕೆಲಸವೇ ಹೊಟ್ಟೆಪಾಡಾದವರಿಗೆ ಅದು ಕೊಳ್ಳುವಷ್ಟು ಬೆಲೆಯುಳ್ಳದ್ದು.

ಸಿವಿಲ್ ಅಥವಾ ಆರ್ಕಿಟೆಕ್ಚರ್ ಓದುತ್ತಿರುವ ಹುಡುಗ ಹುಡುಗಿಯರು ಕೇಳಿದರೆ ನನ್ನ ಮಾತು ಇಷ್ಟು: ರೆವಿಟ್ ಕಲಿಯಿರಿ, ಕೆಲಸ ಸಿಗುವುದು ಅದರಿಂದಲೇ, ಆದರೆ ಸ್ವೀಪ್‌ನ ಒಳಗುಟ್ಟನ್ನು ಫ್ರೀಕ್ಯಾಡ್‌ನಲ್ಲಿ ಕಲಿಯಿರಿ. ಅದರ ಐದೂ ಆಯ್ಕೆಗಳನ್ನು ಒಂದೇ ಹೀಲಿಕ್ಸ್ ಮೇಲೆ, ಒಂದೇ 50×10 ಪಟ್ಟಿಗೆ ಹಾಕಿ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಪುಸ್ತಕವೂ ಬೇಕಾಗುವುದಿಲ್ಲ. ಸಣ್ಣ ಆಫೀಸಿನವರು ಖರ್ಚು ನೋಡಿ ರೆವಿಟ್ ಎಲ್‌ಟಿ ಎಂಬ ಕಿರು ಆವೃತ್ತಿ ಕೊಳ್ಳುವ ಯೋಚನೆಯಲ್ಲಿದ್ದರೆ ಒಂದು ಎಚ್ಚರಿಕೆ: ಅದರಲ್ಲಿ ಡೈನಮೋ ಇಲ್ಲ, ಹೊರಗಿನ ಆಡ್-ಇನ್ ಹಾಕುವಂತಿಲ್ಲ, ಮೇಲೆ ಹೇಳಿದ ಎಪಿಐ ದಾರಿಯೂ ಮುಚ್ಚಿರುತ್ತದೆ. ನೇರ ಮೆಟ್ಟಿಲಿನ ಮನೆಗಳಿಗೆ ಅಡ್ಡಿಯಿಲ್ಲ. ಸುತ್ತು ಮೆಟ್ಟಿಲು, ಬಾಗಿದ ರ್‍ಯಾಂಪ್ ಆಗಾಗ ಬರುವ ಆಫೀಸಾದರೆ ಪೂರ್ತಿ ರೆವಿಟ್ ತೆಗೆದುಕೊಳ್ಳಿ, ಇಲ್ಲವೇ ಎಲ್‌ಟಿ ಜೊತೆಗೆ ಫ್ರೀಕ್ಯಾಡ್ ಇಟ್ಟುಕೊಳ್ಳಿ.